ಹದಿನಾಲ್ಕು ಸಾಲಿನ ಆಟಗಾರ

ನಾನು ಫುಟ್‌ಬಾಲ್ ತಂಡವೊಂದರ ಮ್ಯಾನೇಜರ್ ಆದದ್ದು ನೀರಿನ ಬಾಟಲಿಯ ದೆಸೆಯಿಂದ. ಸಿಡ್ನಿಯಲ್ಲಿ, ನಾರ್ವೆಸ್ಟ್ ಪಕ್ಕದ ನಮ್ಮ ಸಬರ್ಬಿನ ಕ್ಲಬ್ಬಿನಲ್ಲಿ, ಮಗಳು ಹದಿನಾರರ ಒಳಗಿನ ಹುಡುಗಿಯರ ತಂಡಕ್ಕೆ ಸೇರಿದ್ದಳು. ಪಾಲಕರ ಮೊದಲ ಸಭೆಯಲ್ಲಿ ಈ ವರ್ಷ ಮ್ಯಾನೇಜರ್ ಯಾರಾಗುತ್ತೀರಿ ಎಂದು ಕೇಳಿದಾಗ ಇದ್ದಬದ್ದವರೆಲ್ಲ ಫೋನ್ ನೋಡತೊಡಗಿದರು. ನಾನು ಮುಂದಿನ ಬೆಂಚಿನ ಮೇಲಿದ್ದ ನನ್ನ ಬಾಟಲಿಗೆ ಕೈ ಚಾಚಿದೆ. ಕೈ ಎತ್ತಿದೆನೆಂದು ಬರೆದುಕೊಂಡರು. ಚಪ್ಪಾಳೆ ಬಿದ್ದ ಮೇಲೆ ಇಲ್ಲ ಅನ್ನುವುದು ಧಾರವಾಡದ ನನಗೆ ಆಗದ ಮಾತು.

ಮ್ಯಾನೇಜರ್ ಅಂದರೆ ದೊಡ್ಡ ಹುದ್ದೆಯೇನಲ್ಲ. ಈ ಶನಿವಾರ ಯಾರು ಬರುತ್ತಾರೆ, ಯಾರಿಗೆ ಕಾಲು ಉಳುಕಿದೆ, ಅರ್ಧ ಆಟದ ವಿರಾಮಕ್ಕೆ ಕಿತ್ತಳೆ ಹಣ್ಣು ಯಾರು ಹೆಚ್ಚಿಕೊಂಡು ಬರಬೇಕು, ಇಷ್ಟೇ. ಬೆವರಿದ ಜೆರ್ಸಿಗಳನ್ನೂ ನಾನೇ ಒಗೆಯುತ್ತಿದ್ದೆ. ಆಟ ಮಾತ್ರ ನನಗೆ ಅಷ್ಟಕ್ಕಷ್ಟೇ. ನಮ್ಮ ಮನೆಯಲ್ಲಿ ಎಲ್ಲರದ್ದೂ ಕ್ರಿಕೆಟ್ ಹುಚ್ಚು. ಆಫ್‌ಸೈಡ್ ಅಂದರೇನೆಂದು ಮಗಳು ಊಟದ ತಟ್ಟೆಯಲ್ಲಿ ಬಟಾಣಿ ಜೋಡಿಸಿ ಮೂರು ಸಲ ಹೇಳಿಕೊಟ್ಟಳು. ನಾಲ್ಕನೆಯ ಸಲ ಬಟಾಣಿ ತಿಂದು ಎದ್ದುಹೋದಳು.

ನನ್ನ ಹೊಟ್ಟೆಪಾಡಿನ ಕೆಲಸ ಬೇರೆ. ನಾರ್ತ್ ಸಿಡ್ನಿಯ ಒಂದು ಐಟಿ ಕನ್ಸಲ್ಟೆನ್ಸಿಯಲ್ಲಿ ಇಪ್ಪತ್ತು ವರ್ಷದಿಂದ ಅಭ್ಯರ್ಥಿಗಳ ಪ್ರೊಫೈಲ್ ತಿದ್ದುತ್ತೇನೆ. ಎರಡು ವರ್ಷಕ್ಕೆ ಮೂರು ಕಂಪನಿ ಬದಲಿಸಿದವನನ್ನು ಕ್ಲೈಂಟ್ ಮುಟ್ಟುವುದಿಲ್ಲ. ಹಾಗಾಗಿ ಸಣ್ಣ ಕೆಲಸಗಳನ್ನು ದೊಡ್ಡದರೊಳಗೆ ಸೇರಿಸಬೇಕು, ನಡುವಿನ ಖಾಲಿ ತಿಂಗಳುಗಳನ್ನು ಮುಚ್ಚಬೇಕು, 'ಸಹಾಯ ಮಾಡಿದೆ' ಎಂಬುದನ್ನು 'ಮುನ್ನಡೆಸಿದೆ' ಎಂದು ಮಾಡಬೇಕು. ಇನ್ನೊಂದು ಮುಖ್ಯ ಪಾಠ ಎಂದರೆ ಪ್ರೊಫೈಲನ್ನು ಮೊದಲು ಕ್ಲೈಂಟಿಗೆ ಸಬ್ಮಿಟ್ ಮಾಡುವುದು, ಅಭ್ಯರ್ಥಿಗೆ ಆಮೇಲೆ ಫೋನ್ ಮಾಡುವುದು. ಅವನನ್ನು ಕೇಳುತ್ತ ಕೂತರೆ ಅಷ್ಟರಲ್ಲಿ ಬೇರೆ ಏಜೆನ್ಸಿಯವರು ತಮ್ಮವನನ್ನು ತೂರಿಸಿರುತ್ತಾರೆ. ಇದನ್ನು ಯಾರೂ ತಪ್ಪು ಅನ್ನುವುದಿಲ್ಲ. ನಾನಂತೂ ನನ್ನ ಕೈಗುಣದ ಬಗ್ಗೆ ಜಂಬಪಡುತ್ತಿದ್ದೆ.

ನಮ್ಮ ತಂಡದ ಅಸಿಸ್ಟೆಂಟ್ ಕೋಚ್ ಇಟಲಿಯವರು. ಐವತ್ತೆಂಟರ ಆಸುಪಾಸು, ಮೊಣಕಾಲು ಎರಡೂ ಹೋಗಿದ್ದವು. ವಾರದ ದಿನಗಳಲ್ಲಿ ವೃದ್ಧಾಶ್ರಮವೊಂದರ ಮಿನಿ ಬಸ್ ಓಡಿಸುತ್ತಿದ್ದರು. ಶನಿವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ಹುಲ್ಲಿನ ಮೇಲೆ ಕಿತ್ತಳೆ ಬಣ್ಣದ ಕೋನ್‌ಗಳನ್ನು ಜೋಡಿಸುತ್ತಿದ್ದರು. ಆಟ ನಡೆಯುವಾಗ ಮುಖ್ಯ ಕೋಚ್‌ಗಿಂತ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು. ಅವರ ಊರಲ್ಲಿ ಅಸಿಸ್ಟೆಂಟ್ ಕೋಚ್‌ಗೆ 'ಎರಡನೆಯವನು' ಎಂದೇ ಅನ್ನುತ್ತಾರಂತೆ. ಅದನ್ನು ಹೇಳುವಾಗ ಅವರಿಗೆ ಕಿಂಚಿತ್ತೂ ಬೇಸರವಿರಲಿಲ್ಲ.

ಅವರ ಇಂಗ್ಲಿಷ್ ಕೇಳಿದರೆ ನನಗೆ ನಮ್ಮ ಸೋದರಮಾವ ಮಾತಾಡಿದಂತೆಯೇ ಕೇಳಿಸುತ್ತಿತ್ತು. ಅದೇ ಎಳೆತ, ಅದೇ ಕೈ ಬೀಸಾಟ. ಆದ್ದರಿಂದ ಅವರ ಮಾತನ್ನು, ಅವರೊಡನೆ ಮಾತಾಡಿದವರದ್ದನ್ನೂ, ನನ್ನ ಮನೆಮಾತಿನಲ್ಲೇ ಬರೆಯುತ್ತೇನೆ.

"ಮಿಡ್‌ಫೀಲ್ಡರ್ ಅಂದ್ರ ಏನ್ ಮಾಡ್ತಾರ ಕೋಚ್?" ಎಂದು ಒಮ್ಮೆ ಕೋನ್ ಕೊಡುತ್ತ ಕೇಳಿದೆ.

"ಹಿಂದಿನವರ ಕಡಿಂದ ಚೆಂಡು ತಗೊಳ್ಳೋದು, ಮುಂದಿನವರಿಗೆ ಕೊಡೋದು. ಯಾರರ ಕಳಕೊಂಡ್ರ ಓಡಿ ಹೋಗಿ ಕಸಗೊಂಡು ಬರೋದು. ಯಾರೂ ನೋಡೂದಿಲ್ಲ. ನೋಡಿದ್ರ ಏನೋ ತಪ್ಪಾಗೇತಿ ಅಂತನ ಅರ್ಥ."

ಹೀಗೆ ಕೋನ್ ಜೋಡಿಸುವಾಗ ಚೂರುಚೂರಾಗಿ ಅವರ ಕತೆ ಗೊತ್ತಾಯಿತು. ಹದಿನೆಂಟಕ್ಕೆ ಶುರು ಮಾಡಿ ಹದಿನೇಳು ವರ್ಷ ಇಟಲಿಯ ಮೂರನೆಯ, ನಾಲ್ಕನೆಯ ದರ್ಜೆಯ ತಂಡಗಳಲ್ಲಿ ಆಡಿದ್ದರು. ಒಂದು ಊರಲ್ಲಿ ಒಂದು ವರ್ಷ, ಇನ್ನೊಂದರಲ್ಲಿ ಆರು ತಿಂಗಳು. ಹೆಂಡತಿ ಪರದೆ ತೂಗುಹಾಕುವಷ್ಟರಲ್ಲಿ ಬಿಚ್ಚುವ ಹೊತ್ತು ಬರುತ್ತಿತ್ತು. ಮೂವತ್ತೈದಕ್ಕೆ ಮೆಲ್ಬರ್ನ್‌ನಲ್ಲಿ ನೆಲೆಸಿದ ಇಟಾಲಿಯನ್ನರ ಕ್ಲಬ್ಬೊಂದು ಕರೆಸಿಕೊಂಡಿತು. ಎರಡು ಸೀಸನ್ ಆಡಿದರು. ಆಮೇಲೆ ಸಿಡ್ನಿಯಿಂದ ಅಸಿಸ್ಟೆಂಟ್ ಕೆಲಸಕ್ಕೆ ಕರೆ ಬಂತು. ಹೆಂಡತಿ, ನಾನಿನ್ನು ಗಂಟುಮೂಟೆ ಕಟ್ಟುವುದಿಲ್ಲ ಅಂದರು. ಇವರು ಬಂದರು, ಹೆಂಡತಿ ಮತ್ತು ಎಂಟು ವರ್ಷದ ಮಗಳು ಅಲ್ಲೇ ಉಳಿದರು. ಆ ಮಗಳಿಗೆ ಈಗ ಮದುವೆಯಾಗಿ, ಮೆಲ್ಬರ್ನ್ ಅಂಚಿನ ವಿಂಡಮ್ ವೇಲ್‌ನಲ್ಲಿ ಹೊಸ ಮನೆ, ನಾಲ್ಕು ತಿಂಗಳ ಹೆಣ್ಣುಕೂಸು. ಮೊಮ್ಮಗಳನ್ನು ಇವರು ಫೋನಿನ ಪರದೆಯಲ್ಲಿ ಮಾತ್ರ ನೋಡಿದ್ದರು.

"ಹೋಗಿ ನೋಡಿ ಬರ್ರಿ, ಒಂದೂವರೆ ತಾಸಿನ ವಿಮಾನ" ಎಂದೆ.

"ನೋಡಿ ಬರೋದು ಜೀವಮಾನ ಪೂರ್ತಿ ಮಾಡೇನಿ" ಎಂದರು. "ಇನ್ನ ಹೋದ್ರ ಇರಾಕ ಹೋಗಬೇಕು. ಆದ್ರ ಮಗಳ ಬಾಗಲಾಗ ಕೆಲಸ ಇಲ್ಲದ ಹೋಗಿ ನಿಂದ್ರೂದಿಲ್ಲ."

ಮೆಲ್ಬರ್ನ್‌ನ ಪಶ್ಚಿಮಕ್ಕೆ ಒಂದು ದೊಡ್ಡ ಕ್ಲಬ್ಬಿನಲ್ಲಿ ಅಸಿಸ್ಟೆಂಟ್ ಕೋಚ್ ಬೇಕಾಗಿದ್ದಾರೆ ಎಂದು ಅವರಿಗೆ ಗೊತ್ತಾದದ್ದು ಮೇ ತಿಂಗಳಲ್ಲಿ. ಪೂರ್ಣಾವಧಿಯ ಕೆಲಸ, ಮಗಳ ಮನೆಯಿಂದ ಇಪ್ಪತ್ತು ನಿಮಿಷ. ಅಂಥದ್ದು ಆ ವಯಸ್ಸಿನಲ್ಲಿ ಇನ್ನೊಂದು ಸಿಗುವಂತಿರಲಿಲ್ಲ. "ನೀವು ಕೆಲಸಾ ಹುಡುಕೂ ಮಂದೀದು ಕಾಗದ ಮಾಡ್ತೀರಂತಲ್ಲ, ನಂದೂ ಒಂದು ಮಾಡಿ ಕೊಡ್ರಿ" ಎಂದು ನೋಟ್‌ಬುಕ್ಕಿನ ಹಾಳೆಯೊಂದನ್ನು ಕೊಟ್ಟರು. ಅದರಲ್ಲಿ ಹದಿನಾಲ್ಕು ಸಾಲುಗಳಿದ್ದವು. ಪ್ರತಿ ಸಾಲಿನಲ್ಲೂ ಊರು, ವರ್ಷ, ಎಷ್ಟು ತಿಂಗಳು, ಕೋಚ್ ಯಾರು, ಯಾಕೆ ಬಿಟ್ಟಿದ್ದು. 'ಕ್ಲಬ್ ಮುಚ್ಚಿತು.' 'ಕೆಳಗಿನ ದರ್ಜೆಗೆ ಬಿದ್ದೆವು.' 'ಹೊಸ ಕೋಚ್‌ಗೆ ನಾನು ಬೇಡವಾಗಿದ್ದೆ.'

ಒಂದು ಭಾನುವಾರ ಊಟದ ಮೇಜಿನ ಮೇಲೆ ಆ ಹಾಳೆ ಹರಡಿಕೊಂಡು ಕೂತೆ. ಇದನ್ನು ಹೀಗೇ ಕಳಿಸಿದರೆ ಕಸದ ಬುಟ್ಟಿಗೆ ಅಂತ ಗ್ಯಾರಂಟಿ. ಆರು ತಿಂಗಳಿನವನ್ನೆಲ್ಲ ತೆಗೆದೆ. ಒಂದೇ ಊರು ಎರಡು ಮೂರು ಕಡೆ ಬಂದಿತ್ತು, ಪಾಪ, ಮರೆತು ಮತ್ತೆ ಬರೆದಿದ್ದಾರೆ ಎಂದುಕೊಂಡು ಒಂದಾಗಿಸಿದೆ. ಕೋಚ್‌ಗಳ ಹೆಸರು ಯಾರಿಗೆ ಬೇಕು, ಅವೂ ಹೋದವು. ನಾಯಕನಿಗೆ ಕೆಂಪು ಕಾರ್ಡ್ ಸಿಕ್ಕು ಹೊರಗೆ ಹೋದಾಗ ಇಪ್ಪತ್ತು ನಿಮಿಷ ಅವನ ತೋಳಪಟ್ಟಿ ಕಟ್ಟಿಕೊಂಡಿದ್ದೆ ಎಂದು ಯಾವಾಗಲೋ ಹೇಳಿದ್ದರು. 'ತಂಡದ ನಾಯಕ' ಎಂದು ಬರೆದೆ. ಹದಿನಾಲ್ಕು ಸಾಲು ಐದಾದವು. ನೋಡಲು ಲಕ್ಷಣವಾಗಿತ್ತು.

ಮಗಳು ಹೆಗಲ ಮೇಲಿಂದ ಬಗ್ಗಿ ಓದಿ, "ಅಮ್ಮಾ, ದಿಸ್ ಈಸ್ ಸೋ ನಾಟ್ ಹಿಮ್" ಎಂದಳು.

"ನಿನಗ ಗೊತ್ತಾಗೂದಿಲ್ಲ, ಸುಮ್ಮನಿರು" ಎಂದು ಅವಳ ಬಾಯಿ ಮುಚ್ಚಿಸಿದೆ.

ಅರ್ಜಿಗೆ ಕೊನೆಯ ದಿನ ಮರುದಿನವೇ ಆಗಿತ್ತು. ಅವರನ್ನು ಕೇಳುವ ಯೋಚನೆಯೇ ನನಗೆ ಬರಲಿಲ್ಲ. ಅವರ ಹೆಸರಿನಲ್ಲಿ ಅರ್ಜಿ ತುಂಬಿ, ಕಾಗದ ಲಗತ್ತಿಸಿ ಸಬ್ಮಿಟ್ ಮಾಡಿದೆ. ಮಂಗಳವಾರ ಫೋನ್ ಮಾಡಿ, ಕಳಿಸಿಯಾಯಿತು ಎಂದೆ. "ಭಾಳ ಉಪಕಾರ ಆತು" ಎಂದರು. ಒಂದು ಪ್ರತಿಯನ್ನು ಈಮೇಲ್ ಮಾಡಿದ್ದೆ. ಅವರು ಈಮೇಲ್ ನೋಡುವ ಪೈಕಿ ಅಲ್ಲ ಅನ್ನುವುದು ನನಗೆ ಗೊತ್ತಿತ್ತು.

ಎರಡು ವಾರಕ್ಕೆ ಇಂಟರ್‌ವ್ಯೂ ಕರೆ ಬಂತು. ನಾನು ಇಡೀ ಆಫೀಸಿಗೆ ಕೇಳುವಂತೆ ಹಿಗ್ಗಿದೆ. ಇಂಟರ್‌ವ್ಯೂ ಇದ್ದದ್ದು ನಮಗೆ ಆಟವಿಲ್ಲದ ಒಂದು ಶನಿವಾರ. ಕಾಕತಾಳೀಯವೆಂಬಂತೆ ಅಂದೇ ವಿಂಡಮ್ ವೇಲ್‌ನಲ್ಲಿ ನನ್ನ ಚಿಕ್ಕಪ್ಪನ ಮಗನ ಗೃಹಪ್ರವೇಶ. ನಾವು ಹೇಗೂ ಹೋಗುವವರಿದ್ದೆವು. ಇಂಗ್ಲಿಷಿನಲ್ಲಿ ತಡವರಿಸಿದರೆ ಸಹಾಯಕ್ಕೆ ಜೊತೆಗಿರಿ ಎಂದು ಅವರು ಕೇಳಿದರು. ಕ್ಲಬ್ಬಿನವರೂ ಒಪ್ಪಿದರು. ಹೀಗಾಗಿ ಬೆಳಗ್ಗೆ ಪೂಜೆ ಮುಗಿಸಿ, ಇಳಕಲ್ ಸೀರೆಯಲ್ಲೇ ಕಾರು ಹತ್ತಿ, ವಿಮಾನ ನಿಲ್ದಾಣದಿಂದ ಅವರನ್ನು ಕರೆದುಕೊಂಡು ಹೋದೆ. ದಾರಿಯಲ್ಲಿ ಎರಡು ಹೋಳಿಗೆ ಕೊಟ್ಟೆ. ಇಸ್ತ್ರಿ ಮಾಡಿದ ಅಂಗಿಯ ಮೇಲೆ ತುಪ್ಪ ಬೀಳಬಾರದೆಂದು ಕತ್ತು ಮುಂದೆ ಚಾಚಿ ತಿಂದರು. ಇಂಟರ್‌ವ್ಯೂ ಮುಗಿದ ಕೂಡಲೇ ಮಗಳ ಮನೆಗೆ ಹೋಗುವುದೆಂದು ಮಾತಾಗಿತ್ತು. ಕೂಸಿಗೆಂದು ಒಂದು ಉಣ್ಣೆಯ ಟೋಪಿ ತಂದಿದ್ದರು.

ಕ್ಲಬ್ಬಿನ ಕೋಣೆಯಲ್ಲಿ ಇಬ್ಬರಿದ್ದರು. ಒಬ್ಬರು ವಯಸ್ಸಾದ ಅಧ್ಯಕ್ಷರು, ಇನ್ನೊಬ್ಬರು ನಲವತ್ತರ ಮುಖ್ಯ ಕೋಚ್. ಮುಖ್ಯ ಕೋಚ್ ಮುಂದೆ ನಾನು ಮಾಡಿದ ಐದು ಸಾಲಿನ ಕಾಗದವಿತ್ತು, ಪಕ್ಕದಲ್ಲಿ ಲ್ಯಾಪ್‌ಟಾಪ್.

"ಇದ್ರಾಗ ಐದು ಕ್ಲಬ್ ಅದಾವು" ಎಂದರು ಆ ಕೋಚ್. "ಇಂಟರ್ನೆಟ್‌ನ್ಯಾಗ ನೋಡಿದ್ರ ಹದಿನಾಲ್ಕು ಸಾಲು ಬರ್ತಾವು. ಇದ್ರಾಗ ಕ್ಯಾಪ್ಟನ್ ಅಂತ ಐತಿ. ಆ ವರ್ಷ ಆ ತಂಡಕ್ಕ ಬ್ಯಾರೆ ಕ್ಯಾಪ್ಟನ್ ಇದ್ದರು."

ಹಳೆಯ ಸಣ್ಣಪುಟ್ಟ ಆಟಗಾರರ ವಿವರವನ್ನೂ ಯಾರೋ ಪುಣ್ಯಾತ್ಮರು ಕೂತು ಇಂಟರ್ನೆಟ್ಟಿಗೆ ಏರಿಸಿರುತ್ತಾರೆ ಎಂದು ನನಗೆ ಕನಸಲ್ಲೂ ಹೊಳೆದಿರಲಿಲ್ಲ. ನಮ್ಮ ಕೋಚ್ ಕಾಗದ ತೆಗೆದುಕೊಂಡು, ಕನ್ನಡಕ ಹಾಕಿ, ಮೊದಲ ಸಲ ಅದನ್ನು ಓದಿದರು. ತುಟಿ ಅಲುಗಿಸುತ್ತ, ನಿಧಾನವಾಗಿ.

"ಇದನ್ನ ಯಾರು ಬರದಾರು?" ಎಂದು ಮುಖ್ಯ ಕೋಚ್ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಕೋಚ್, "ನಾನ ಬರದೇನಿ" ಎಂದರು.

ಮನೆಯಲ್ಲಿ, ಆಫೀಸಿನಲ್ಲಿ, ಎಲ್ಲೆಂದರಲ್ಲಿ ನನ್ನ ಬಾಯಿಗೆ ಹೆದರುವವರೇ ಎಲ್ಲ. ಅಂಥವಳು ಅಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ಕೂತೆ. ನಾಚಿಕೆಯಾಯಿತು, ಆದರೂ ಕೂತೆ.

ಅಧ್ಯಕ್ಷರಿಗೆ ಪಾಪ ಅನ್ನಿಸಿರಬೇಕು. ಅಷ್ಟೊಂದು ಕ್ಲಬ್ ಯಾಕೆ ಬದಲಿಸಿದಿರಿ ಎಂದು ಕೇಳಿದರು. ನಮ್ಮ ಕೋಚ್ ಬೆರಳು ಮಡಚುತ್ತ ಹದಿನಾಲ್ಕನ್ನೂ ಹೇಳಿದರು. ಒಬ್ಬ ಕೋಚ್ ತಾನು ಕೆಲಸ ಬದಲಿಸಿದಲ್ಲೆಲ್ಲ, ನಾಲ್ಕು ಊರಿಗೆ, ಇವರನ್ನು ಕರೆಸಿಕೊಂಡಿದ್ದರಂತೆ. ಎರಡು ಕ್ಲಬ್‌ಗಳು ಬಿಟ್ಟುಹೋದವರನ್ನು ಮತ್ತೆ ಕರೆದಿದ್ದವಂತೆ, ಒಂದಂತೂ ಮೂರು ಸಲ. ಅದಕ್ಕೇ ಒಂದೇ ಊರು ಮತ್ತೆ ಮತ್ತೆ ಬಂದಿತ್ತು. ನಾನು ಮರೆವು ಎಂದು ಅಳಿಸಿದ್ದು ಅದನ್ನೇ. ಆ ಮನುಷ್ಯನ ಹದಿನೇಳು ವರ್ಷದ ಮರ್ಯಾದೆ ಇದ್ದದ್ದೇ ಆ ಸಾಲುಗಳಲ್ಲಿ.

ಮುಖ್ಯ ಕೋಚ್ ಎಲ್ಲ ಕೇಳಿದರು. ಕೊನೆಗೆ, "ಈಗ ಹೇಳಿದ್ದನ್ನ ಕಾಗದದಾಗ ಬರದಿದ್ರ ಇವತ್ತ ನಿಮ್ಮನ್ನ ತಗೊತಿದ್ದೆ" ಎಂದರು. "ಕ್ಯಾಪ್ಟನ್ ಅಂತ ಬರದವರನ್ನ ನನ್ನ ಬೆನ್ನ ಹಿಂದ ನಿಂದ್ರಸ್ಕೊಳ್ಳಾಕ ಆಗೂದಿಲ್ಲ." ಎದ್ದು ಕೈಕುಲುಕಿದರು. ಅಷ್ಟೇ.

ಕಾರಿನಲ್ಲಿ ಕೂತ ಮೇಲೆ ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. "ನೀವ್ಯಾಕ ನಾನ ಬರದೇನಿ ಅಂದ್ರಿ?" ಎಂದು ಅವರ ಮೇಲೆಯೇ ಹರಿಹಾಯ್ದೆ. "ಚೆಂಡು ಕಳಕೊಂಡವರನ್ನ ಮೈದಾನದಾಗ ಬೈಬಾರದು" ಎಂದರು. ಆಮೇಲೆ, ಮಗಳ ಮನೆಗೆ ಬೇಡ, ವಿಮಾನ ನಿಲ್ದಾಣಕ್ಕೇ ಬಿಡಿ ಎಂದರು. ಟೋಪಿಯ ಪೊಟ್ಟಣ ಕಾರಿನ ಹಿಂದಿನ ಸೀಟಿನಲ್ಲೇ ಉಳಿಯಿತು. ಸಂಜೆ ನಾನೇ ಹೋಗಿ ಅವರ ಮಗಳಿಗೆ ಕೊಟ್ಟು ಬಂದೆ. ಅಪ್ಪ ಮೆಲ್ಬರ್ನ್‌ಗೆ ಬಂದಿದ್ದರಾ ಎಂದು ಆಕೆ ಕೇಳಿದಳು. ನಾನು ಹೌದು ಎಂದೆ. ಇನ್ನೇನೂ ಕೇಳದೆ ಟೋಪಿ ತೆಗೆದುಕೊಂಡಳು.

ಸಿಡ್ನಿಗೆ ಬಂದವಳು ಸುಮ್ಮನಿರಲಿಲ್ಲ. ಸೋಮವಾರವೇ ಆ ಕ್ಲಬ್ಬಿಗೆ ಉದ್ದಕ್ಕೆ ಪತ್ರ ಬರೆದೆ. ಆ ಕಾಗದ ನನ್ನದು, ಅವರು ಅದನ್ನು ಕಂಡೇ ಇರಲಿಲ್ಲ, ನನ್ನ ಮಾನ ಉಳಿಸಲು ತಮ್ಮ ಮೇಲೆ ಹಾಕಿಕೊಂಡರು, ಎಂದು. ಬರೆದ ಮೇಲೆ ಮನಸ್ಸು ಹಗುರಾಯಿತು. ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ, ಜಾಗ ತುಂಬಿದೆ ಎಂದು ಎರಡು ಸಾಲಿನ ಉತ್ತರ ಬಂತು. ಗುರುವಾರದ ಪ್ರಾಕ್ಟೀಸಿನಲ್ಲಿ ಅದನ್ನು ಅವರಿಗೆ ಹೇಳಿದೆ. ಒಳಗೊಳಗೇ, ಭೇಷ್ ಅನ್ನುತ್ತಾರೆಂದು ಕಾದಿದ್ದೆ.

ಅವರು ಕೈಯಲ್ಲಿದ್ದ ಕೋನ್‌ಗಳನ್ನು ಕೆಳಗಿಟ್ಟರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಅಲ್ಲಿ ನಾ ಬರೇ ಬಡಾಯಿ ಕೊಚ್ಚೂ ಮನಷ್ಯಾ ಆಗಿದ್ದೆ. ಆಟ ಬಿಟ್ಟವರೆಲ್ಲಾ ಬಡಾಯಿ ಕೊಚ್ಚತಾರ. ಈಗ ಮುಖಾ ನೋಡಿ ಸುಳ್ಳು ಹೇಳಿದವ ಆದೆ. ಆ ಕೋಚ್ ನಾಕು ಮಂದಿ ಕೋಚ್‌ಗೆ ಹೇಳತಾನ. ನನ್ನ ಕೇಳದ ಎರಡು ಸಲ ನನ್ನ ಹೆಸರಿನ್ಯಾಗ ಕಾಗದಾ ಕಳಿಸಿದ್ರಿ ನೀವು. ಎರಡು ಸಲ."

ಮನೆಗೆ ಬಂದು ಗಂಡನಿಗೆ ಹೇಳಿದರೆ, ಅವರು ಟಿವಿ ಸದ್ದು ಕಡಿಮೆ ಮಾಡಿ, "ಅವರು ಹೇಳೂದು ಖರೇನ ಐತಲ್ಲ. ನೀ ಮೊದಲ ಕಳಿಸ್ತಿ, ಆಮ್ಯಾಲೆ ಕೇಳ್ತಿ. ನನ್ನ ಜೋಡಿನೂ ಹಂಗ" ಎಂದರು. ಜಗಳವಾಡೋಣವೆಂದರೆ ಅದರಲ್ಲೂ ಹುರುಳಿತ್ತು.

ಏಳು ವಾರ ಅವರು ನನ್ನೊಡನೆ ಬೇಕಾದಷ್ಟೇ ಮಾತಾಡಿದರು. ಬಾಲ್ ಪಂಪ್ ಎಲ್ಲಿದೆ, ಮೂರನೆಯ ನಂಬರಿನ ಹುಡುಗಿ ಬರುತ್ತಾಳೋ ಇಲ್ಲವೋ. ನಾನು ಕೋನ್ ಎತ್ತಿಕೊಡಲು ಹೋದರೆ ಬೇಡವೆನ್ನಲಿಲ್ಲ, ಬೇಕೂ ಅನ್ನಲಿಲ್ಲ. ನನಗೆ ಶನಿವಾರಗಳೇ ಬೇಡವಾದವು. ಕ್ಷಮೆ ಕೇಳಿದೆ, ಎರಡು ಸಲ ಕೇಳಿದೆ. ತಲೆಯಾಡಿಸಿದರು. ನನ್ನಿಂದಾಗಿ ಒಬ್ಬ ಅಜ್ಜನಿಗೆ ಮೊಮ್ಮಗಳು ತಪ್ಪಿದಳು ಅನ್ನುವುದು ಆಫೀಸಿನಲ್ಲಿ ಪ್ರೊಫೈಲ್ ತಿದ್ದುವಾಗಲೂ ನೆನಪಾಗಿ, ಇದ್ದಕ್ಕಿದ್ದಂತೆ ಎದ್ದು ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದೆ.

ಸೀಸನ್ ಮುಗಿಯಲು ಎರಡು ವಾರವಿದ್ದಾಗ ಅವರೇ ಫೋನ್ ಮಾಡಿದರು. ವಿಂಡಮ್ ವೇಲ್ ಹತ್ತಿರ ಹೊಸ ಬಡಾವಣೆಯೊಂದರ ಸಣ್ಣ ಕ್ಲಬ್ಬಿಗೆ ಹುಡುಗಿಯರ ತಂಡಗಳಿಗೆ ಅಸಿಸ್ಟೆಂಟ್ ಬೇಕಂತೆ. ಅರೆಕಾಲಿಕ ಕೆಲಸ. ಜೊತೆಗೆ ಅಲ್ಲಿನ ಶಾಲೆಯ ಬಸ್ಸಿಗೂ ಡ್ರೈವರ್ ಬೇಕಾಗಿದ್ದರು. "ಕಾಗದಾ ಮಾಡಬೇಕಾಗೇತಿ" ಎಂದರು. "ನಾ ಹೇಳ್ತೇನಿ, ನೀವು ಬರೀರಿ. ನೀವು ಹೇಳಬ್ಯಾಡ್ರಿ."

ನಾರ್ವೆಸ್ಟ್‌ನ ಒಂದು ಕೆಫೆಯಲ್ಲಿ ಮಧ್ಯಾಹ್ನ ಕೂತೆವು. ಅವರು ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. ಹದಿನಾಲ್ಕು ಸಾಲು, ಕೋಚ್‌ಗಳ ಹೆಸರು ಸಮೇತ. 'ಆರು ತಿಂಗಳು.' 'ಬೇಡವಾಗಿದ್ದೆ.' 'ಮತ್ತೆ ಕರೆದರು.' ನನ್ನ ಬೆರಳುಗಳು ಒಂದೆರಡು ಕಡೆ ತಾವಾಗಿಯೇ ಒಳ್ಳೆಯ ಪದ ಹುಡುಕಿದವು. ಅವರು ಪರದೆಯ ಮೇಲೆ ಬೆರಳಿಟ್ಟು ಅಳಿಸಿ ಎಂದರು. ಆಮೇಲೆ ಕೊನೆಯ ಸಾಲು ಹೇಳಿದರು. ಮೇ ತಿಂಗಳಲ್ಲಿ ಇಂಥ ಕ್ಲಬ್ಬಿಗೆ ಅರ್ಜಿ ಹಾಕಿದ್ದೆ. ನನ್ನ ಮ್ಯಾನೇಜರ್ ಕಾಗದದಲ್ಲಿ ಸುಳ್ಳು ಬರೆದಿದ್ದರು, ನಾನೇ ಬರೆದೆನೆಂದು ನಾನೂ ಸುಳ್ಳು ಹೇಳಿದೆ. ತೆಗೆದುಕೊಳ್ಳಲಿಲ್ಲ.

"ಕೋಚ್, ಇದನ್ನ ಯಾರರ ಅರ್ಜಿಯೊಳಗ ಬರೀತಾರೇನ್ರಿ?"

"ಹ್ಯಾಂಗೂ ಅವರ ಕಿವಿಗೆ ಬೀಳ್ತೈತಿ. ನನ್ನ ಬಾಯಿಂದನ ಬೀಳಲಿ. ಬರೀರಿ."

ಬರೆದೆ. ಎಲ್ಲವನ್ನೂ ಮೊದಲಿನಿಂದ ಓದಿ, ಕಳಿಸುವ ಗುಂಡಿಯನ್ನು ಅವರೇ ಒತ್ತಿದರು.

ಉತ್ತರ ಬಂದದ್ದು ಸೀಸನ್ನಿನ ಕೊನೆಯ ಶನಿವಾರ. ಆಟ ಮುಗಿದು ನಾವಿಬ್ಬರೂ ಗೋಲಿನ ಬಲೆ ಬಿಚ್ಚಿ ಮಡಚುತ್ತಿದ್ದೆವು. ಆ ಕ್ಲಬ್ಬಿನ ಅಧ್ಯಕ್ಷೆ ಫೋನ್ ಮಾಡಿ ಯಾವಾಗ ಬರುತ್ತೀರಿ ಎಂದಷ್ಟೇ ಕೇಳಿದರಂತೆ. ಅವರು ಬಲೆ ಬಿಟ್ಟು ಹುಲ್ಲಿನ ಮೇಲೆ ಕೂತುಬಿಟ್ಟರು. ಆಮೇಲೆ ಮಗಳಿಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿ ಫೋನನ್ನು ಹುಲ್ಲಿನ ಮೇಲಿಟ್ಟರು. ಅವರು ತಮ್ಮ ಭಾಷೆಯಲ್ಲಿ ಹೇಳಿದರು, ಮಗಳು ಇಂಗ್ಲಿಷಿನಲ್ಲಿ ಉತ್ತರಿಸಿದಳು, ನಮ್ಮ ಮನೆಯ ಹಾಗೆಯೇ. ಆದ್ದರಿಂದ ಅವಳ ಪಾಲಿನದು ನನಗೆ ತಿಳಿಯಿತು. ಹಿಂದೆ ಕೂಸು ಅಳುತ್ತಿತ್ತು. ಅವಳು ಖುಷಿಯನ್ನೂ ತೋರಿಸಲಿಲ್ಲ, ಬೇಡವೆಂದೂ ಅನ್ನಲಿಲ್ಲ.

"ಈ ಸಲ ಎಷ್ಟು ತಿಂಗಳಿಗೆ, ಪಪ್ಪಾ?" ಎಂದು ಕೇಳಿದಳು.

ಹದಿನಾಲ್ಕು ಸಾಲಿನ ತಿಂಗಳುಗಳನ್ನು ಒಂದೂ ತಪ್ಪದೆ ಹೇಳಿದ ಮನುಷ್ಯ ನನ್ನ ಮುಖ ನೋಡಿದರು. ನನ್ನ ನಾಲಿಗೆಯ ತುದಿಯಲ್ಲಿ ಹತ್ತು ಒಳ್ಳೆಯ ಉತ್ತರಗಳಿದ್ದವು. ಒಂದನ್ನೂ ಕೊಡಲಿಲ್ಲ.

ಆಮೇಲೆ ಅವರು ಇಂಗ್ಲಿಷಿನಲ್ಲಿ, ಅವಳಿಗೆ ಅನುಮಾನ ಉಳಿಯದ ಹಾಗೆ, ಒಂದೊಂದೇ ಪದ ಬಿಡಿಸಿ ಹೇಳಿದರು. "ನೀ ಹೋಗು ಅನ್ನೂತನಕ."

ಆ ಕಡೆ ಕೂಸಿನ ಅಳು ನಿಂತಿತ್ತು. ಹಿಂದಿನ ರೂಮಿನಲ್ಲಿ ಇಸ್ತ್ರಿ ಮೇಜು, ಖಾಲಿ ಪೆಟ್ಟಿಗೆ ಏನೇನೋ ತುಂಬಿದ್ದೇನೆ, ನಾಳೆ ತೆಗೆಸುತ್ತೇನೆ ಎಂದಳು ಮಗಳು.